ಈಳಿಗೆಮಣೆ ಮೊಂಡಾದರೆ ಎಸೆಯೋದಲ್ಲ, ಮಸೆಯೋದು

ಟೊಮೆಟೊ ಹೆಚ್ಚಬೇಕು ಕಣ್ರೀ, ಹಿಂಡಬಾರದು. ಈಗ ಯಾವ ಮನೆಗೆ ಹೋದರೂ ಅಡುಗೆಮನೆ ಕಟ್ಟೆ ಮೇಲೆ ಬಣ್ಣಬಣ್ಣದ ಹಿಡಿಯ ಚಾಕು ಸಾಲಾಗಿ ನಿಂತಿರುತ್ತೆ, ಒಂದಕ್ಕಾದರೂ ಬಾಯಿ ಇರಲ್ಲ. ಹಣ್ಣಿನ ಮೇಲೆ ಚಾಕು ಇಟ್ಟು ಒತ್ತುತ್ತಾರೆ, ಸಿಪ್ಪೆ ಜಪ್ಪಯ್ಯ ಅನ್ನಲ್ಲ. ಇನ್ನೂ ಒತ್ತುತ್ತಾರೆ, ರಸವೆಲ್ಲ ಕಟ್ಟೆ ಮೇಲೆ ಹರಿಯುತ್ತೆ. ಆಮೇಲೆ "ಈ ಚಾಕು ಸರಿ ಇಲ್ಲ" ಅಂತ ಮೊಬೈಲಲ್ಲಿ ಇನ್ನೊಂದು ತರಿಸೋದು. ಮೂರು ತಿಂಗಳಿಗೆ ಅದರದ್ದೂ ಅದೇ ಕಥೆ. ನಮ್ಮ ತಂಗಿ ಸೊಸೆ ಒಂದು ಡಬ್ಬದ ತುಂಬ ಮೊಂಡು ಚಾಕು ಕೂಡಿಟ್ಟಿದ್ದಾಳೆ. ಯಾಕಮ್ಮ ಅಂದರೆ "ಹರಿತ ಇದ್ರೆ ಭಯ ಆಗತ್ತೆ ದೊಡ್ಡಮ್ಮ" ಅಂತಾಳೆ. ಕೈ ಕೊಯ್ಯೋದು ಮೊಂಡು ಚಾಕುವೇ! ಹರಿತವಾದದ್ದು ಇಟ್ಟ ಕಡೆ ಇಳಿಯುತ್ತೆ. ಮೊಂಡಾದದ್ದಕ್ಕೆ ಬಲ ಹಾಕಬೇಕು, ಬಲ ಹಾಕಿದಾಗಲೇ ಅದು ಜಾರಿ ಬೆರಳಿಗೆ ಬರೋದು. ಈರುಳ್ಳಿ ಹೆಚ್ಚುವಾಗ ಕಣ್ಣು ಉರಿಯೋದೂ ಅರ್ಧ ಇದರಿಂದಲೇ. ಕೊಯ್ಯದೆ ಜಜ್ಜಿದರೆ ಆ ಘಾಟೆಲ್ಲ ಮುಖಕ್ಕೇ ಹಾರುತ್ತೆ.

ಇನ್ನು ಇವರು ಮಾಡೋ ಉಪಾಯಗಳು. ಎರಡು ಚಾಕು ಒಂದಕ್ಕೊಂದು ತಿಕ್ಕೋದು. ಸಿಂಕಿನ ಅಂಚಿಗೆ ಕಿರ್ರ್ ಅಂತ ಎಳೆಯೋದು. ಸೀಳಿನೊಳಗೆ ಚಾಕು ತೂರಿಸಿ ಎಳೆಯೋ ಪ್ಲಾಸ್ಟಿಕ್ ಡಬ್ಬಿ ಒಂದು ಬಂದಿದೆಯಲ್ಲ, ಅದಂತೂ ಉಕ್ಕನ್ನ ಕೆರೆದು ಕಿತ್ತು ಹಾಕುತ್ತೆ. ಎರಡು ದಿನ ಚೆನ್ನಾಗಿ ಕೊಯ್ದ ಹಾಗೆ ಕಾಣುತ್ತೆ, ಆಮೇಲೆ ಬಾಯಿಯೆಲ್ಲ ಹಲ್ಲುಹಲ್ಲು. ಮಿಕ್ಸಿಗೆ ಕಲ್ಲುಪ್ಪು ಹಾಕಿ ತಿರುಗಿಸಿದರೆ ಬ್ಲೇಡು ಹರಿತ ಆಗುತ್ತೆ ಅಂತ ಇನ್ನೊಂದು ಹೇಳ್ತಾರೆ. ಜಾರಿನ ವಾಸನೆ ಹೋಗುತ್ತೆ, ಜಿಡ್ಡು ಬಿಡುತ್ತೆ, ಅಷ್ಟೇ. ಉಪ್ಪಿಗಿಂತ ಉಕ್ಕು ಎಷ್ಟೋ ಗಟ್ಟಿ. ಉಪ್ಪು ತಿಕ್ಕಿ ಉಕ್ಕು ಸವೆಯೋದು ಎಲ್ಲಿಂದ ಬಂತು?

ಮಸೆಯೋದಕ್ಕೆ ಬೇಕಾದ್ದು ಒಂದು ಕಲ್ಲು. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾರ್ಬೊರಂಡಮ್ ಕಲ್ಲು ಕೊಡಿ ಅಂದರೆ ಕೊಡ್ತಾರೆ. ಒಂದು ಮಗ್ಗುಲು ತರಿ, ಇನ್ನೊಂದು ಮಗ್ಗುಲು ನಯ ಇರೋದನ್ನೇ ಕೇಳಿ. ನಾವು ಚಿಕ್ಕವರಿದ್ದಾಗ ಇದೂ ಇರಲಿಲ್ಲ. ಬಾವಿಕಟ್ಟೆಯ ಒಗೆಯೋ ಕಲ್ಲಿನ ಒಂದು ಮೂಲೆ ಮಸೆದೂ ಮಸೆದೂ ತಗ್ಗು ಬಿದ್ದಿತ್ತು, ಕುಡುಗೋಲು, ಮಚ್ಚು, ಈಳಿಗೆ ಎಲ್ಲ ಅಲ್ಲೇ. ಕಲ್ಲನ್ನ ನೀರಲ್ಲಿ ಮುಳುಗಿಸಿಡಿ, ಗುಳ್ಳೆ ಬರೋದು ನಿಂತ ಮೇಲೆ ತೆಗೆಯಿರಿ. ಒಣ ಕಲ್ಲಿಗೆ ಯಾವತ್ತೂ ಹಾಕಬೇಡಿ. ನೀರಿನ ಕಲ್ಲು ನೀರಿಗೇ ಇರಲಿ. ಒಂದು ಸಲ ಎಣ್ಣೆ ಕುಡಿದ ಕಲ್ಲಿಗೆ ಆಮೇಲೆ ನೀರು ಹಿಡಿಯಲ್ಲ. ಕೆಳಗೆ ಒದ್ದೆ ಬಟ್ಟೆ ಹಾಸಿ, ಇಲ್ಲದಿದ್ದರೆ ಕಲ್ಲು ಕಟ್ಟೆ ಮೇಲೆಲ್ಲ ಓಡಾಡುತ್ತೆ.

ಚಾಕುವನ್ನ ಕಲ್ಲಿನ ಮೇಲೆ ಮಲಗಿಸಿ, ಬೆನ್ನು ಸ್ವಲ್ಪ ಎತ್ತಿ. ಎಷ್ಟು ಅಂದರೆ, ಅಗಲ ಚಾಕುವಾದರೆ ಬೆನ್ನಿನ ಕೆಳಗೆ ಕಿರುಬೆರಳ ತುದಿ ತೂರುವಷ್ಟು, ಸಣ್ಣ ಚಾಕುವಿಗೆ ಅದರ ಅರ್ಧ. ಅಷ್ಟೇ. ಇನ್ನೂ ಎತ್ತಿದರೆ ಬಾಯಿ ದಪ್ಪಗಾಗುತ್ತೆ, ಪೂರಾ ಮಲಗಿಸಿದರೆ ಬಾಯಿಗೆ ಕಲ್ಲು ಸೋಕೋದೇ ಇಲ್ಲ, ಪಕ್ಕ ಮಾತ್ರ ಗೀಚಿಹೋಗುತ್ತೆ. ಹೊಸಬರಿಗೆ ಅಂದಾಜು ಸಿಗದಿದ್ದರೆ ಬಾಯಿಯ ಉದ್ದಕ್ಕೂ ಡಬ್ಬದ ಮೇಲೆ ಹೆಸರು ಬರೆಯೋ ಅಳಿಸದ ಮಾರ್ಕರ್ ಬಳಿಯಿರಿ. ಮಕ್ಕಳ ಸ್ಕೆಚ್ ಪೆನ್ ಬೇಡ, ನೀರಿಗೆ ತೊಳೆದುಹೋಗುತ್ತೆ. ಎರಡು ಸಲ ಮಸೆದು ನೋಡಿ, ಮಸಿ ಎಲ್ಲಿ ಅಳಿಸಿದೆಯೋ ಅಲ್ಲಿ ಕಲ್ಲು ತಾಗುತ್ತಿದೆ. ಮೇಲುಗಡೆ ಮಾತ್ರ ಅಳಿಸಿ ಬಾಯಿಯ ಅಂಚಿನಲ್ಲಿ ಕಪ್ಪು ಉಳಿದಿದ್ದರೆ ಬೆನ್ನು ಇನ್ನೊಂದು ಚೂರು ಎತ್ತಿ.

ಹಿಡಿ ಕಡೆಯಿಂದ ತುದಿವರೆಗೂ ಪೂರ್ತಿ ಎಳೆಯಿರಿ. ಎಲ್ಲರೂ ನಡುವೆ ಮಾತ್ರ ತಿಕ್ಕಿ ತಿಕ್ಕಿ ಅಲ್ಲಿ ಹೊಟ್ಟೆ ಒಳಗೆ ಹೋಗಿರುತ್ತೆ. ಒಂದೇ ಮಗ್ಗುಲು ಮಸೀತಾ ಇರಿ, ನಿಲ್ಲಿಸೋದು ಯಾವಾಗ ಅಂತ ಚಾಕುವೇ ಹೇಳುತ್ತೆ. ಆಚೆ ಮಗ್ಗುಲಲ್ಲಿ ಹೆಬ್ಬೆರಳನ್ನ ಬೆನ್ನಿಂದ ಬಾಯಿ ಕಡೆಗೆ ಸವರಿ. ಉದ್ದಕ್ಕೆ ಸವರೀರಿ, ಜೋಕೆ! ಬೆನ್ನಿಂದ ಹೊರಗೆ, ಅಡ್ಡಡ್ಡ. ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ಎಳೆ ಎದ್ದು ಚರ್ಮಕ್ಕೆ ತಡೆಯುತ್ತೆ. ಹಿಡಿಯಿಂದ ತುದಿವರೆಗೂ ಆ ಎಳೆ ಸಿಕ್ಕರೆ ಮಾತ್ರ ಮಗ್ಗುಲು ಬದಲಿಸಿ. ಎಲ್ಲಾದರೂ ಸಿಗದಿದ್ದರೆ ಅಲ್ಲಿ ಇನ್ನೂ ಮೊಂಡೇ. ಹೀಗೆ ಎರಡೂ ಕಡೆ ಮೊದಲು ತರಿಯಲ್ಲಿ, ಆಮೇಲೆ ನಯದಲ್ಲಿ. ಕಲ್ಲಿನ ಮೇಲೆ ಬರೋ ಬೂದು ಕೆಸರನ್ನ ತೊಳೆಯೋಕೆ ಹೋಗಬೇಡಿ, ಮಸೆಯೋದೇ ಅದು.

ಈಳಿಗೆಮಣೆಗೆ ವಿಧಾನ ಬೇರೆ. ಅಲಗು ಮಣೆಗೆ ಕೂತಿರೋದರಿಂದ ಅದನ್ನ ಕಲ್ಲಿನ ಮೇಲೆ ಎಳೆಯೋಕಾಗಲ್ಲ, ಕಲ್ಲೇ ಅಲಗಿನ ಹತ್ತಿರ ಹೋಗಬೇಕು. ಹೆಚ್ಚೋಕೆ ಕೂರೋ ಹಾಗೆ ಬಾಯಿಗೆ ಎದುರಾಗಿ ಕೂತು ಮಸೆಯೋದನ್ನ ನಾನು ಕಣ್ಣಾರೆ ನೋಡಿದ್ದೀನಿ, ನೋಡಿ ಎದೆ ಝಲ್ಲೆಂದಿದೆ. ಗೋಣಿತಾಟು ಹಾಸಿ ಮಣೆಯನ್ನ ಪಕ್ಕಕ್ಕೆ ಮಲಗಿಸಿ, ಮಣೆ ಮೇಲೆ ಮೊಣಕಾಲೂರಿ, ಅಲಗಿನ ಬೆನ್ನು ನಿಮ್ಮ ಕಡೆ, ಬಾಯಿ ಆಚೆ ಇರಲಿ. ಕಲ್ಲಿನ ತುಂಡನ್ನ ಬೆನ್ನ ಕಡೆಯಿಂದ ಬಾಯಿ ಕಡೆಗೆ, ಬುಡದಿಂದ ಕೊಕ್ಕಿನವರೆಗೆ ಬಾಗಿದ ಹಾಗೇ ಬಾಗಿಸಿ ಎಳೆಯಿರಿ. ಬೆರಳು ಕಲ್ಲಿನ ಅಂಚಿಂದ ಕೆಳಗೆ ಇಳಿಯಬಾರದು. ಆಮೇಲೆ ಮಗ್ಗುಲು ಹೊರಳಿಸಿ ಅಷ್ಟೇ ಸಲ. ಹಳೇ ಕಬ್ಬಿಣದ ಈಳಿಗೆ ಬೇಗ ಬಾಯಿ ಕೊಡುತ್ತೆ, ಸ್ಟೀಲಿಂದು ಸತಾಯಿಸುತ್ತೆ. ಅಂಚಲ್ಲಿ ದೊಡ್ಡ ಹಲ್ಲು ಬಿದ್ದಿದ್ದರೆ ನಿಮ್ಮ ಕಲ್ಲಿಗೆ ಬಗ್ಗಲ್ಲ, ಕುಲುಮೆಗೆ ಕೊಟ್ಟು ತಟ್ಟಿಸಬೇಕು.

ಇಷ್ಟಕ್ಕೆ ಎಲ್ಲರೂ ನಿಲ್ಲಿಸಿಬಿಡ್ತಾರೆ, ಹಾಳಾಗೋದು ಅಲ್ಲೇ. ಕಲ್ಲಿಂದ ತೆಗೆದ ಬಾಯಿಗೆ ಆ ಎಳೆ ಇನ್ನೂ ಅಂಟಿಕೊಂಡಿರುತ್ತೆ. ಅದು ಮಡಿಚಿಕೊಂಡಿತೋ, ಸಂಜೆ ಮಸೆದ ಚಾಕು ಮರುದಿನ ಬೆಳಿಗ್ಗೆ ಮೊಂಡು. "ನಾವೂ ಮಸೆದ್ವಿ, ಏನೂ ಆಗಲಿಲ್ಲ" ಅನ್ನೋರೆಲ್ಲ ಈ ಎಳೆ ಬಿಡಿಸದೇ ಎದ್ದವರು. ಅದನ್ನ ಬಿಡಿಸೋಕೆ ನನಗೆ ಉಪ್ಪಿನಕಾಯಿ ಜಾಡಿಯ ತಳವೇ ಆಗಬೇಕು. ಮದುವೆ ಮನೆ ಅಡುಗೆಯವರಿಂದ ಕಲಿತದ್ದು. ಆಗೆಲ್ಲ ಮದುವೆ ಹಿಂದಿನ ರಾತ್ರಿ ಚಪ್ಪರದ ಕೆಳಗೆ ಸಾಲಾಗಿ ಈಳಿಗೆಮಣೆ ಹಾಕಿಕೊಂಡು ಕೂತು ಕುಂಬಳ, ಹುರುಳಿಕಾಯಿ ರಾಶಿ ಹೆಚ್ಚೋರು. ಅವರಲ್ಲಿ ಹಿರಿಯರೊಬ್ಬರು ಕೆಲಸ ಶುರು ಮಾಡೋ ಮುಂಚೆ ಖಾಲಿ ಜಾಡಿ ಕೇಳಿ ಇಸಕೊಂಡು, ಬೋರಲು ಹಾಕಿ, ತಮ್ಮ ಚಾಕು ಎಳೆದು ಎಳೆದು ನೋಡೋರು. ಮಾತಿಲ್ಲ ಕಥೆಯಿಲ್ಲ. ಬಾಳೆದಿಂಡು ಅವರ ಕೈಯಲ್ಲಿ ಕಾಗದದ ಹಾಗೆ ಬಿಲ್ಲೆಬಿಲ್ಲೆಯಾಗಿ ಬೀಳೋದು.

ಪಿಂಗಾಣಿ ಜಾಡಿಯನ್ನ ಬೋರಲು ಹಾಕಿ ನೋಡಿ, ತಳದಲ್ಲಿ ಹೊಳಪಿಲ್ಲದ ಒಂದು ಬಳೆ ಇರುತ್ತೆ. ಗೂಡಲ್ಲಿ ಸುಡುವಾಗ ಅಲ್ಲೂ ಹೊಳಪು ಬಳಿದಿದ್ದರೆ ಕೆಳಗಿನ ಹಲಗೆಗೆ ಅಂಟಿಬಿಡುತ್ತೆ, ಅದಕ್ಕೇ ಬರಿದಾಗಿ ಬಿಟ್ಟಿರ್ತಾರೆ. ಆ ಬರಿ ಪಿಂಗಾಣಿ ಉಕ್ಕಿಗಿಂತ ಗಟ್ಟಿ, ಕಲ್ಲಿಗಿಂತ ನಯ. ಜಾಡಿ ಇಲ್ಲದವರು ದಪ್ಪ ಪಿಂಗಾಣಿ ಕಾಫಿ ಲೋಟದ ತಳವನ್ನೇ ನೋಡಿ, ಅದರಲ್ಲೂ ಇರುತ್ತೆ. ಬೆರಳಲ್ಲಿ ಸವರಿ ನೋಡಿ, ತೊಳೆದ ನಯ ಮರಳಿನಷ್ಟು ತರಿ ಸಿಗಬೇಕು. ಎಲ್ಲಾದರೂ ಗಂಟು ಎದ್ದಿದ್ದರೆ ಕಲ್ಲಿನ ನಯ ಮಗ್ಗುಲಲ್ಲಿ ಆ ಗಂಟನ್ನ ಮೊದಲು ಉಜ್ಜಿ ಸಪಾಟು ಮಾಡಿ, ಇಲ್ಲದಿದ್ದರೆ ಮಸೆದ ಬಾಯಿ ಅಲ್ಲೇ ಕಚ್ಚಿಕೊಂಡು ಹಾಳು. ಬಳೆಗೆ ಎಣ್ಣೆ, ನೀರು ಏನೂ ಬೇಡ, ಒಣಗಿರಲಿ. ಜಾಡಿ ಖಾಲಿ ಇದೆಯೋ ಅಂತ ನೋಡಿಕೊಳ್ಳಿ. ಇದನ್ನೂ ಹೇಳಬೇಕಾ ಅಂತೀರಿ, ಹೇಳಬೇಕು. ಜಾಡಿಯ ಬಾಯಿ ಒದ್ದೆ ಬಟ್ಟೆ ಮೇಲೆ ಊರಿರಲಿ, ಎಡಗೈ ಜಾಡಿಯ ಹೊಟ್ಟೆ ಹಿಡಿದಿರಲಿ, ತಳದ ಹತ್ತಿರ ಅಲ್ಲ.

ಕಲ್ಲಿನ ಮೇಲೆ ಎಷ್ಟು ಎತ್ತಿದ್ದಿರೋ ಅದಕ್ಕಿಂತ ಕೂದಲೆಳೆ ಜಾಸ್ತಿ ಎತ್ತಿ. ಬಾಯಿ ಮುಂದಾಗಿ, ಹಿಡಿ ಬುಡದಿಂದ ತುದಿವರೆಗೆ ಒಂದೇ ಎಳೆತ. ಆಮೇಲೆ ಇನ್ನೊಂದು ಮಗ್ಗುಲು ಒಂದು ಎಳೆತ. ಒಂದೇ ಕಡೆ ಎರಡು ಸಲ ಎಳೆದಿರೋ, ಎಳೆ ಈಚೆಯಿಂದ ಆಚೆ ವಾಲುತ್ತೆ ಅಷ್ಟೇ, ಬಿಡಲ್ಲ. ಭಾರ ಹಾಕಲೇಬಾರದು. ಚಾಕುವಿನ ತೂಕವೇ ಸಾಕು, ಕಡೆಕಡೆಗೆ ಆ ತೂಕವೂ ಪೂರ್ತಿ ಬೀಳದ ಹಾಗೆ ಕೈಯಲ್ಲಿ ತಡೆದು ಹಿಡಿಯಬೇಕು. ಕಿವಿ ಇಟ್ಟು ಕೇಳಿ. ಮೊದಮೊದಲು ಕರಕರ ಅನ್ನುತ್ತೆ, ಎಳೆ ಉದುರಿದ ಮೇಲೆ ಸುಯ್ ಅಂತ ಒಂದೇ ಸಮ ದನಿ ಬರುತ್ತೆ. ಆ ದನಿ ಬಂದ ಮೇಲೆ ಇನ್ನು ನಾಲ್ಕೆಂಟು ಎಳೆತ, ಮುಗೀತು. ಬಳೆಯ ಮೇಲೆ ಬೂದು ಗೆರೆ ಮೂಡಿರುತ್ತೆ, ಅದು ಉಕ್ಕೇ, ಪಾತ್ರೆ ಪುಡಿ ಹಾಕಿ ಉಜ್ಜಿದರೆ ಹೋಗುತ್ತೆ. ಈಳಿಗೆಗಾದರೆ ಜಾಡಿ ಬೇಡ, ಸಣ್ಣ ಪಿಂಗಾಣಿ ಬಟ್ಟಲು ಕೈಯಲ್ಲಿ ಹಿಡಿದು, ಕಲ್ಲಾಡಿಸಿದ ಹಾದಿಯಲ್ಲೇ ಮೆಲ್ಲಗೆ ಆಡಿಸಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಎರಡೂ ಕಡೆ ಸವರಿದರೆ ಕ್ಷೌರದ ಕತ್ತಿಯೇ. ಬೆಲ್ಟು ಇಲ್ಲದಿದ್ದರೆ ಮಡಿಸಿದ ದಿನಪತ್ರಿಕೆ ಆದೀತು. ಪೂರ್ತಿ ಕಲ್ಲಿಗೆ ಹಾಕೋದು ಅಪರೂಪಕ್ಕೆ ಸಾಕು, ಜಾಡಿಯ ತಳಕ್ಕೆ ಮಾತ್ರ ವಾರಕ್ಕೊಮ್ಮೆ ತೋರಿಸಿ.

ಜಾಡಿ ಅಂದ ಮೇಲೆ ನೆನಪಾಯ್ತು. ಈ ಜಾಡಿಗಳನ್ನೆಲ್ಲ ಈಗ ಬಾಲ್ಕನಿಯಲ್ಲಿ ಗಿಡ ನೆಡೋಕೆ ಇಟ್ಟಿದ್ದೀರಿ, ಮಾವಿನಕಾಯಿ ಉಪ್ಪಿನಕಾಯಿ ಮಾತ್ರ ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗೆ ತುಂಬ್ತೀರಿ. ಅದನ್ನೂ ಸರಿಯಾಗಿ ಒರೆಸಿರಲ್ಲ. ಒಂದು ಹನಿ ನೀರು ಇದ್ದರೂ ಬೂಷ್ಟು ಬರದೆ ಇನ್ನೇನು ಬರುತ್ತೆ? ಜಾಡಿ ತೊಳೆದು, ಒಳಗೆ ಕೈಯಿಟ್ಟರೆ ಬಿಸಿ ತಾಗೋವರೆಗೂ ಬಿಸಿಲಲ್ಲಿಟ್ಟು, ಆರಿದ ಮೇಲೆ ತುಂಬಿ. ಹೋಗಲಿ, ಅದು ಬೇರೆ ಮಾತು.

ತೆಂಗಿನಕಾಯಿ ತುರಿಯೋ ಮಣೆಯ ಹಲ್ಲಿಗೆ ಕಲ್ಲು ಹೋಗಲ್ಲ. ಮೂರು ಮೂಲೆ ಅರ ತಂದು ಹಲ್ಲಿನ ಸಂದು ಸಂದಿಗೆ ಒಂದೇ ದಿಕ್ಕಿನಲ್ಲಿ, ಎರಡೆರಡು ಸಲ ತಳ್ಳಿ. ಹಿಂದಕ್ಕೆ ಎಳೆಯುವಾಗ ಅರ ಎತ್ತಿಬಿಡಿ. ಕತ್ತರಿಗೆ ಹೊರಗಡೆಯ ಇಳಿಜಾರು ಮಾತ್ರ ಮಸೆಯೋದು, ಒಳಗಡೆಯ ಸಪಾಟು ಮುಟ್ಟಿದರೆ ಎರಡು ಅಲಗಿನ ನಡುವೆ ಸಂದು ಬಿಟ್ಟು ಬಟ್ಟೆ ಮಡಚಿಕೊಳ್ಳುತ್ತೆ. ಬ್ರೆಡ್ ಕೊಯ್ಯೋ ಹಲ್ಲಿನ ಚಾಕುವನ್ನ ಕಲ್ಲಿಗೆ ಹಾಕಲೇಬೇಡಿ. ಹೀರೆಕಾಯಿ ಹೆರೆಯೋ ಪೀಲರ್ ಮೊಂಡಾದರೆ ಬೇರೆ ತಗೊಳ್ಳಿ, ಅದಕ್ಕೆ ಕೂತು ಮಸೆಯೋ ಕರ್ಮ ಬೇಡ.

ಸಾಣೆಯವನು ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು "ಸಾಣೇ... ಚಾಕು ಕತ್ತರಿ ಸಾಣೇ" ಅಂತ ಕೂಗಿಕೊಂಡು ಬಂದರೆ ನಮ್ಮತ್ತೆ ಕತ್ತರಿ ಕೊಡೋರು, ಈಳಿಗೆ ಮಾತ್ರ ಕೊಡ್ತಿರಲಿಲ್ಲ. ಕಿಡಿ ಹಾರೋದು ನೋಡೋಕೆ ನಾವು ಮುತ್ತಿಕೊಳ್ತಿದ್ವಿ. ಅತ್ತೆ ಅದೇ ಕಿಡಿ ತೋರಿಸಿ "ಅಲ್ನೋಡು, ದುಡ್ಡು ಕೊಟ್ಟ ಉಕ್ಕು ಬೀದಿಗೆ ಉದುರ್ತಿದೆ" ಅನ್ನೋರು. ಕಾಲಲ್ಲಿ ತುಳಿಯೋ ಚಕ್ರವಾದರೆ ಪರವಾಗಿಲ್ಲ, ನಿಧಾನ. ಕರೆಂಟಿನ ಚಕ್ರಕ್ಕೆ ಕೊಟ್ಟರೆ ಎದುರಿಗೇ ನಿಂತು, ಆಗಾಗ ನೀರಲ್ಲಿ ಅದ್ದಪ್ಪ ಅಂತ ಹೇಳಿ. ಅಂಚು ನೀಲಿಗಟ್ಟಿತು ಅಂದರೆ ಕಬ್ಬಿಣದ ಈಳಿಗೆ ಸುಮಾರು 300 ಡಿಗ್ರಿ ಕಾದಿದೆ ಅಂತ ಲೆಕ್ಕ. ಹದ ಹೋಯ್ತು, ಆಮೇಲೆ ಎಷ್ಟು ಮಸೆದರೂ ಬಾಯಿ ನಿಲ್ಲಲ್ಲ.

ಹರಿತ ಉಳಿಯಬೇಕಾದರೆ ಎಂಜಲು ತಟ್ಟೆ, ಕುಕ್ಕರ್ ಮುಚ್ಚಳದ ಜೊತೆ ಚಾಕುವನ್ನ ಸಿಂಕಿಗೆ ಎಸೆಯಬೇಡಿ. ಗಾಜಿನ ಹಲಗೆ, ಗ್ರಾನೈಟ್ ಕಟ್ಟೆ ಮೇಲೆ ಹೆಚ್ಚಬೇಡಿ, ಮರದ ಹಲಗೆ ಇರಲಿ. ಹೆಚ್ಚಿದ ತರಕಾರಿನ ಬಾಣಲೆಗೆ ದೂಡುವಾಗ ಬಾಯಿಯಿಂದ ಗೋರದೆ ಬೆನ್ನು ತಿರುಗಿಸಿ ಗೋರಿ. ಕಬ್ಬಿಣದ ಈಳಿಗೆಯನ್ನ ಮಾವಿನಕಾಯಿ, ನಿಂಬೆಹಣ್ಣು ಹೆಚ್ಚಿದ ತಕ್ಷಣ ತೊಳೆದು ಒರೆಸಿ, ಕೊಬ್ಬರಿ ಎಣ್ಣೆ ಒಂದು ಹನಿ ಸವರಿಡಿ. ಕಪ್ಪಗಾದರೆ ಹೆದರಬೇಡಿ, ಕೆಂಪಗಾದರೆ ಮಾತ್ರ ತುಕ್ಕು, ಹುಣಸೆಹಣ್ಣು ಕಲ್ಲುಪ್ಪು ಹಾಕಿ ಉಜ್ಜಿ. ಹಲಸಿನಕಾಯಿ, ಬಾಳೆಕಾಯಿಗೆ ಮೊದಲೇ ಎಣ್ಣೆ ಹಚ್ಚಿಕೊಂಡರೆ ಮೇಣ ಹಿಡಿಯಲ್ಲ. ಈಳಿಗೆಮಣೆ ಕೆಲಸವಾದ ಮೇಲೆ ಮಡಚಿ ಇಲ್ಲವೇ ಗೋಡೆ ಕಡೆ ಬಾಯಿ ಮಾಡಿ ಮಲಗಿಸಿ, ಮಕ್ಕಳು ಓಡಾಡೋ ಮನೆ. ನಮ್ಮಲ್ಲಿ ಆಯುಧಪೂಜೆಗೆ ಇಟ್ಟಿದ್ದನ್ನ ಪೂಜೆ ಮುಗಿದು ತೆಗೆಯೋವರೆಗೂ ಮುಟ್ಟೋ ಹಾಗಿಲ್ಲ, ಆದ್ದರಿಂದ ಮಸೆಯೋದು, ಹೆಚ್ಚೋದು ಎಲ್ಲ ಹಿಂದಿನ ದಿನವೇ. ಮೊಂಡು ಈಳಿಗೆಗೆ ಕುಂಕುಮ ಇಟ್ಟು ಕೈ ಮುಗಿಯೋಕೆ ನಾಚಿಕೆ ಆಗಬೇಕು.

ಮಸೆದ ದಿನ ಮನೆಯವರಿಗೆಲ್ಲ ಕೂಗಿ ಹೇಳಿ. ಮೊಂಡಿಗೆ ಒತ್ತಿ ಒತ್ತಿ ಅಭ್ಯಾಸವಾದ ಕೈ ಅವತ್ತೂ ಹಾಗೇ ಒತ್ತುತ್ತೆ. ಆ ದಿನದ ಈರುಳ್ಳಿ ನೀವೇ ಹೆಚ್ಚಿ.