ಕೂಸಿನ ಹೊಟ್ಟೆ ಗುಳುಗುಳು ಅಂದಾಗ

ಹಾಲು ಕುಡಿದ ಕೂಸಿನ ಹೊಟ್ಟೆ ಸದ್ದು ಮಾಡದಿದ್ದರೇನೇ ಆಶ್ಚರ್ಯ. ಕರುಳು ಹಾಲನ್ನೂ ಗಾಳಿಯನ್ನೂ ಒಟ್ಟಿಗೆ ಮುಂದಕ್ಕೆ ನೂಕುತ್ತಿರುತ್ತದೆ. ಆದರೆ ಗದಗಿನ ನಮ್ಮ ತವರುಮನೆಯಲ್ಲಿ ಇದನ್ನು ಯಾರು ಒಪ್ಪಬೇಕು? "ಹೊಟ್ಟಿ ಗುಳುಗುಳು ಅನ್ನಾಕತ್ತೈತಿ, ಬಜಿ ಬೇರು ತೇದು ನೆಕ್ಸು" ಅಂತ ಆಯಿ. "ನೀ ಬದನೀಕಾಯಿ ತಿಂದಿ, ಅದಕ್ಕ" ಅಂತ ಅವ್ವ.

ಸದ್ದು ಯಾವಾಗ ಬರುತ್ತದೆ ಅಂತ ನಾನು ಗಮನಿಸುತ್ತಾ ಹೋದೆ. ಹಾಲು ಕುಡಿಯುವಾಗಲೇ ಬಾಯಿಂದ 'ಚಪ್ ಚಪ್' ಅಂತ ಕೇಳಿಸಿದರೆ ಕೂಸು ಮೊಲೆ ಸರಿಯಾಗಿ ಹಿಡಿದಿಲ್ಲ, ಗಾಳಿ ನುಂಗುತ್ತಿದೆ. ಆಗ ಅದರ ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಬಿಡಿಸುತ್ತಿದ್ದೆ. ಬಾಯಿ ಅಗಲ ತೆರೆಯುವವರೆಗೆ ಕಾದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವಂತೆ ಮತ್ತೆ ಹಿಡಿಸುತ್ತಿದ್ದೆ. ಬದಿ ಬದಲಿಸುವಾಗ ಹೆಗಲ ಮೇಲೆ ಹಾಕಿಕೊಂಡು ತೇಗು ತೆಗೆಸುವುದು. ಬರಲಿಲ್ಲವಾ, ಬಿಡಿ, ಪ್ರತಿ ಸಲ ಬರಲೇಬೇಕು ಅಂತಿಲ್ಲ. ಅಳುವಾಗಲೂ ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಚೀರುವವರೆಗೆ ಕಾಯದೆ, ಕೈ ಚೀಪಲು ಶುರು ಮಾಡಿದಾಗಲೇ ಎತ್ತಿಕೊಳ್ಳುತ್ತಿದ್ದೆ.

ಮುಖ ಕೆಂಪಗೆ ಮಾಡಿ, ಕಾಲು ಮಡಚಿ ತಿಣುಕುವುದನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಕೊನೆಗೆ ಬರುವುದು ನೋಡಿದರೆ ಹಳದಿ ಬಣ್ಣದ ಮೆತ್ತನೆಯ ಕಕ್ಕ! ಅದು ಮಲಬದ್ಧತೆ ಅಲ್ಲ. ಮೇಲೆ ಒತ್ತುವುದು, ಕೆಳಗೆ ಸಡಿಲ ಬಿಡುವುದು ಎರಡೂ ಒಂದೇ ಸಲಕ್ಕೆ ಇನ್ನೂ ಕಲಿತಿರುವುದಿಲ್ಲ, ಅಷ್ಟೇ. ಎದೆಹಾಲು ಮಾತ್ರ ಕುಡಿಯುವ ಕೂಸು ತಿಂಗಳು ದಾಟಿದ ಮೇಲೆ ನಾಲ್ಕೈದು ದಿನಕ್ಕೊಮ್ಮೆ ಹೋದರೂ ನಡೆಯುತ್ತದೆ. ಆದರೆ ಕಕ್ಕ ಮೆತ್ತಗಿರಬೇಕು, ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯಬೇಕು, ತೂಕ ಏರಬೇಕು.

ಇನ್ನು ಬದನೆಕಾಯಿ. ನನ್ನ ಹೊಟ್ಟೆಯ ಗ್ಯಾಸು ಹಾಲಿಗೆ ಇಳಿಯುವುದಿಲ್ಲ. ರೊಟ್ಟಿ ಜೊತೆ ಎಣ್ಣೆಗಾಯಿ ನಾನೇನೂ ಬಿಡಲಿಲ್ಲ. ಬಜೆ ಮಾತ್ರ, ಆಯಿ ಮುನಿಸಿಕೊಂಡರೂ ಹಾಕಿಸಲಿಲ್ಲ. 6 ತಿಂಗಳು ತುಂಬುವವರೆಗೆ ಎದೆಹಾಲೇ ಸಾಕು. ನೀರೂ ಬೇಡ, ಗ್ರೈಪ್ ವಾಟರೂ ಬೇಡ. ಜೇನುತುಪ್ಪವಂತೂ 1 ವರ್ಷ ಆಗುವವರೆಗೆ ಹತ್ತಿರಕ್ಕೂ ತರಬಾರದು. ಆಯಿಗೆ ಬೇರೆ ಕೆಲಸ ಒಪ್ಪಿಸಿದೆ. ಹೊಟ್ಟೆಗೆ ಎಣ್ಣೆ ಹಚ್ಚಿ, ಗಡಿಯಾರದ ಮುಳ್ಳು ತಿರುಗುವ ಕಡೆಗೇ ಮೆಲ್ಲಗೆ ತೀಡುವುದು, ಆಮೇಲೆ ಎರಡೂ ಕಾಲು ಹಿಡಿದು ಸೈಕಲ್ ತುಳಿಸುವುದು. ಆಯಿಯ ಕೈಯ ಹದ ನನಗೆ ಬರಲೇ ಇಲ್ಲ ಬಿಡಿ.

ಹಸಿರು ವಾಂತಿ, ಕಕ್ಕದಲ್ಲಿ ರಕ್ತ, ಉಬ್ಬಿ ಗಟ್ಟಿಯಾದ ಹೊಟ್ಟೆ, ಹಾಲೇ ಬೇಡ ಅನ್ನುವುದು, 3 ತಿಂಗಳೊಳಗಿನ ಕೂಸಿಗೆ ಜ್ವರ: ಇವುಗಳಲ್ಲಿ ಒಂದು ಕಂಡರೂ, ಹೊಟ್ಟೆ ಸದ್ದು ಮಾಡಲಿ ಬಿಡಲಿ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.