ಕಿಡ್ನಿ ಕೊಡುವವರು ದುಡ್ಡಿನ ಲೆಕ್ಕ ಇಡುವುದು ಹೇಗೆ?

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ತಮ್ಮನಿಗೆ ಒಂದು ಕಿಡ್ನಿ ಕೊಟ್ಟಿದ್ದೇನೆ. ಡಯಾಲಿಸಿಸ್ ನಡೆಯುತ್ತಿರುವ ಮನೆಯವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಆಪರೇಷನ್‌ಗಿಂತ ಜಾಸ್ತಿ ಕೇಳುವುದು ಇದನ್ನೇ: ಕೊಟ್ಟವರು ದುಡ್ಡು ಮುಟ್ಟಬಹುದಾ?

ಖರ್ಚಾದದ್ದನ್ನು ಮುಟ್ಟಬಹುದು, ಕಿಡ್ನಿಗೆ ಅಂತ ಒಂದು ಪೈಸೆಯನ್ನೂ ಮುಟ್ಟಬಾರದು. 1994ರ ಅಂಗಾಂಗ ಕಸಿ ಕಾಯ್ದೆಯಲ್ಲೇ ಹೀಗಿದೆ. ದಾನದಿಂದ ನೇರವಾಗಿ ಬಿದ್ದ ಖರ್ಚು, ತಪ್ಪಿದ ದುಡಿಮೆ ತುಂಬಿಕೊಟ್ಟರೆ ಅದು ಮಾರಾಟವಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಅಕ್ಕಂದಿರು, ಅಮ್ಮಂದಿರು ಬಸ್ ಚಾರ್ಜು ಕೇಳಲೂ ನಾಚಿಕೊಂಡು ಸಾಲ ಮಾಡುತ್ತಾರೆ. ನನಗೆ ತುಂಬಾ ಸಂಕಟವಾಗುವುದು ಅದಕ್ಕೇ.

ಮೊದಲ ಟೆಸ್ಟಿನ ದಿನವೇ ಒಂದು ನೋಟ್‌ಬುಕ್ ಶುರುಮಾಡಿ. ತಾರೀಖು, ಯಾತಕ್ಕೆ, ಎಷ್ಟು, ರಸೀದಿ ಇದೆಯಾ, ಇಷ್ಟು ಸಾಕು. ಬೆಂಗಳೂರಿನ ರೈಲು ಟಿಕೆಟ್, ಜೊತೆಗೆ ಬಂದವರ ಊಟ, ರೂಮಿನ ಬಾಡಿಗೆ, ಸ್ಕ್ಯಾನಿಂಗ್, ಮಾತ್ರೆ ಎಲ್ಲ ಬರೆಯಿರಿ. ಸಂಬಳ ಹಿಡಿದಿದ್ದರೆ ಮಾಲೀಕರಿಂದ ಒಂದು ಚೀಟಿ ಬರೆಸಿಕೊಳ್ಳಿ. ಕೂಲಿಗೆ ಹೋಗುವವರಾದರೆ ದಿನದ ಕೂಲಿ, ಡಾಕ್ಟರ್ ಹೇಳಿದ ವಿಶ್ರಾಂತಿಯ ದಿನಗಳು, ಎರಡನ್ನೂ ಬರೆದು ಡಿಸ್ಚಾರ್ಜ್ ಚೀಟಿ ಲಗತ್ತಿಸಿ. ಆಪರೇಷನ್ ಆದ ಮೇಲೂ ಕೊಟ್ಟವರು ವರ್ಷಾ ವರ್ಷ ಕ್ರಿಯೇಟಿನೈನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ರಕ್ತದ ಟೆಸ್ಟು), ಮೂತ್ರ, ಬಿಪಿ ನೋಡಿಸಿಕೊಳ್ಳಬೇಕು. ಆ ಖರ್ಚು ಯಾರದು ಅಂತ ಅಡ್ಮಿಟ್ ಆಗುವ ಮೊದಲೇ ಮಾತಾಡಿಕೊಳ್ಳಿ.

ನಮ್ಮ ಸೋದರಮಾವ, ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಅಕ್ಕನ ಹೆಸರಿಗೆ ಒಂದು ಸೈಟು ಬರೆದುಬಿಡಪ್ಪ" ಅಂದರು. ನಾನು ತಮ್ಮನನ್ನು ಕರೆದು, "ಸೈಟಿನ ಮಾತು ಎತ್ತಬೇಡ ಕಣೋ, ನೋಟ್‌ಬುಕ್ಕಲ್ಲಿ ಇರೋದಷ್ಟು ಕೊಡು" ಅಂದೆ. ಕಿಡ್ನಿಗೆ ಬದಲಾಗಿ ಸೈಟು, ಒಡವೆ, ಸಾಲ ಮನ್ನಾ ಏನೇ ಕೊಟ್ಟರೂ ಕಾನೂನಿನ ಕಣ್ಣಲ್ಲಿ ದುಡ್ಡು ಕೊಟ್ಟ ಹಾಗೇ. ಅಲ್ಲದೆ ಒಂದು ಮನೆಯಲ್ಲಿ ಕಿಡ್ನಿಗೆ ಸೈಟು ಅಂತಾದರೆ, ನಾಳೆ ಸಾಲದಲ್ಲಿರುವ ತಂಗಿಗೋ ನಾದಿನಿಗೋ ಬೇಡ ಅನ್ನುವ ಬಾಯಿ ಇರುವುದಿಲ್ಲ.

ಆದ್ದರಿಂದ ಕಿಡ್ನಿ ಕೊಡಲು ನಿಜವಾಗಿ ಮನಸ್ಸಿದೆಯಾ ಅಂತ ಕೊಡುವವರನ್ನು ಒಬ್ಬರೇ ಇರುವಾಗ ಕೇಳಿ. ಗಂಡ, ಅತ್ತೆ, ರೋಗಿ ಯಾರೂ ಪಕ್ಕದಲ್ಲಿರಬಾರದು. ರೋಗಿಯ ಮನೆಗೆ ಅವರು ಬಾಕಿ ಕೊಡಬೇಕಾ ಅಂತಲೂ ವಿಚಾರಿಸಿ. ಹಿಂಜರಿದರೆ ಡಾಕ್ಟರ್‌ಗೆ ಗುಟ್ಟಾಗಿ ಹೇಳಲು ದಾರಿ ಮಾಡಿಕೊಡಿ.

ಹತ್ತಿರದ ರಕ್ತಸಂಬಂಧಿ, ಗಂಡ-ಹೆಂಡತಿ ಬಿಟ್ಟು ಬೇರೆಯವರು ಕೊಡುವುದಾದರೆ ಅನುಮತಿ ಸಮಿತಿಯ ಮುಂದೆ ಹೋಗಬೇಕು. ಇಬ್ಬರ ಪರಿಚಯ ಹೇಗೆ, ಮೂರು ವರ್ಷದ ಆದಾಯ ಎಷ್ಟು, ನಡುವೆ ದಲ್ಲಾಳಿ ಇದ್ದಾರಾ ಅಂತ ಅವರು ನೋಡುತ್ತಾರೆ. ಹೇಳಿಕೊಟ್ಟ ಉತ್ತರ ಒಯ್ಯಬೇಡಿ.

"ಡೋನರ್ ರೆಡಿ ಇದ್ದಾರೆ, ಕಾಗದಪತ್ರ ನಾವೇ ನೋಡ್ಕೋತೀವಿ" ಅನ್ನುವವರ ಫೋನ್ ಇಟ್ಟುಬಿಡಿ. ದುಡ್ಡು ಕೊಟ್ಟವರು, ತಗೊಂಡವರು, ನಡುವೆ ನಿಂತವರು ಎಲ್ಲರಿಗೂ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಮನೆಯಲ್ಲಿ ಹೊಂದುವವರು ಇನ್ನೂ ಸಿಗದಿದ್ದರೆ, ಕಸಿ ಮಾಡುವ ಆಸ್ಪತ್ರೆಯ ಮೂಲಕ ರಾಜ್ಯದ ಜೀವಸಾರ್ಥಕತೆ ಪಟ್ಟಿಗೆ, ಅಂದರೆ ತೀರಿಕೊಂಡವರು ದಾನ ಮಾಡಿದ ಅಂಗಾಂಗಕ್ಕೆ ಕಾಯುವವರ ಪಟ್ಟಿಗೆ, ಹೆಸರು ಬರೆಸಿ. ಮನೆಯವರು ಹುಡುಕುತ್ತಿದ್ದಾರೆ ಅಂತ ಅದನ್ನು ಮುಂದೂಡಬೇಡಿ, ಈ ವಾರವೇ ಕೇಳಿ.