ಇಲ್ಲಿ ರ‍್ಯಾಂಕ್ ಲಿಸ್ಟ್ ಇಲ್ಲ: ಹೈಸ್ಕೂಲ್ ಮಕ್ಕಳ ಜೊತೆ ಅಮೆರಿಕಕ್ಕೆ ಬಂದ ಅಪ್ಪ ಅಮ್ಮಂದಿರಿಗೆ

ನಮ್ಮೂರಲ್ಲಿ ಕೌನ್ಸೆಲಿಂಗ್ ಅಂದರೆ ಸಿಇಟಿ ರ‍್ಯಾಂಕ್ ಬಂದ ಮೇಲೆ ಸೀಟು ಹಂಚುವುದು. ಇಲ್ಲಿ ಕೌನ್ಸೆಲರ್ ಅಂದರೆ ಹೈಸ್ಕೂಲಿನಲ್ಲಿ ಕೂತಿರುವ ಒಬ್ಬ ಮನುಷ್ಯ. ನಿಮ್ಮ ಮಗು ಎಂಥದ್ದು ಅಂತ ಕಾಲೇಜಿಗೆ ಪತ್ರ ಬರೆಯುವವರು ಅವರೇ. ಒಬ್ಬೊಬ್ಬರ ಕೈಯಲ್ಲಿ ನೂರಾರು ಮಕ್ಕಳಿರುತ್ತಾರೆ. ಹಾಗಾಗಿ ಬಂದ ಮೊದಲ ತಿಂಗಳಲ್ಲೇ ಸಮಯ ಕೇಳಿ, ಮಗುವನ್ನು ಕರೆದುಕೊಂಡು ಹೋಗಿ ಮಾತಾಡಿಸಿ. ಕರ್ನಾಟಕದಿಂದ ಬಂದವರು, ಅಲ್ಲಿ ಏನು ಓದಿದ್ದ, ಯಾಕೆ ಬಂದಿರಿ, ಎಲ್ಲ ಹೇಳಿ. ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಎರಡನೆಯ ಮಾತು, ಒಂಬತ್ತನೇ ಕ್ಲಾಸು. ಇಲ್ಲಿ ಹೈಸ್ಕೂಲ್ ಅಂದರೆ 9ರಿಂದ 12. ನಾಲ್ಕೂ ವರ್ಷದ ಅಂಕ ಕಾಲೇಜಿಗೆ ಹೋಗುತ್ತದೆ. ನಾವು ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೇ ಲೆಕ್ಕ ಅಂದುಕೊಂಡು ಬೆಳೆದವರು. ನನ್ನ ದೊಡ್ಡ ಮಗಳು ಹತ್ತನೇ ಕ್ಲಾಸು ಮುಗಿಸಿ ನ್ಯೂಜೆರ್ಸಿಗೆ ಬಂದಳು. ಒಂಬತ್ತರ ಮಾರ್ಕ್ಸ್ ಕಾರ್ಡ್ ತರಬೇಕು ಅಂತ ನಮಗೆ ಹೊಳೆಯಲೇ ಇಲ್ಲ. ಅಪ್ಲಿಕೇಶನ್ ಸಮಯದಲ್ಲಿ ಊರಲ್ಲಿದ್ದ ನನ್ನ ತಮ್ಮ ಆ ಶಾಲೆಗೆ ಮೂರು ಸಲ ಅಲೆದು, ಹಳೇ ರಿಜಿಸ್ಟರ್ ತೆಗೆಸಿ, ಸೀಲು ಹಾಕಿಸಿ ಕಳಿಸಿದ. ಆ ಎರಡು ವಾರ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ನೀವು ಇನ್ನೂ ಹೊರಡುವ ಮುಂಚೆ ಇದನ್ನು ಓದುತ್ತಿದ್ದರೆ, ಸೀಲು ಸಹಿ ಇರುವ ನಾಲ್ಕೈದು ಪ್ರತಿ ಈಗಲೇ ಮಾಡಿಸಿಟ್ಟುಕೊಳ್ಳಿ.

ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್ಎಟಿ ಪರೀಕ್ಷೆಯ ಬಗ್ಗೆ ನಮ್ಮವರು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಎಂಐಟಿ 2022ರಲ್ಲೇ ಅದನ್ನು ಮತ್ತೆ ಕಡ್ಡಾಯ ಮಾಡಿತು. ಆಮೇಲೆ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಕೂಡ ಮಾಡಿದವು. ಕ್ಯಾಲಿಫೋರ್ನಿಯಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜುಗಳು ಮಾತ್ರ ಪ್ರವೇಶಕ್ಕೆ ಆ ಅಂಕವನ್ನು ನೋಡುವುದೇ ಇಲ್ಲ. ಪರೀಕ್ಷೆ ಬರೆಯಲಿ, ಚೆನ್ನಾಗಿ ತಯಾರಾಗಲಿ. ಆದರೆ 1600ಕ್ಕೆ 1540 ಬಂದ ಮಗುವನ್ನು ಮತ್ತೆ ಮೂರು ತಿಂಗಳು ಕೋಚಿಂಗ್‌ಗೆ ಹಾಕಬೇಡಿ. ಹಾರ್ವರ್ಡ್‌ಗೆ ಅರ್ಜಿ ಹಾಕಿದವರಲ್ಲಿ ಸೀಟು ಸಿಗುವುದು 100ಕ್ಕೆ ನಾಲ್ಕರ ಆಸುಪಾಸು. ಒಳ್ಳೇ ಅಂಕ ಇದ್ದವರೇ ಸಾವಿರಾರು ಮಂದಿ ವಾಪಸ್ ಬರುತ್ತಾರೆ. ಅಂಕದ ಜೊತೆಗೆ ಅವರು ನೋಡುವುದು, ಶಾಲೆಯಲ್ಲಿ ಸಿಗುವ ಕಷ್ಟದ ಕ್ಲಾಸುಗಳಲ್ಲಿ ಮಗು ಯಾವುದನ್ನು ತೆಗೆದುಕೊಂಡಿತು, ಉಳಿದ ಹೊತ್ತಿನಲ್ಲಿ ಏನು ಮಾಡಿತು ಅನ್ನುವುದನ್ನು.

ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಗೆ 10 ಜಾಗ ಇದೆ. ಒಂದೊಂದರ ವಿವರಣೆಗೆ 150 ಅಕ್ಷರ ಮಾತ್ರ. ‘ಕನ್ನಡ ಕೂಟದಲ್ಲಿ ಸ್ವಯಂಸೇವಕ’ ಅಂತ ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. ‘ಪ್ರತಿ ಭಾನುವಾರ 12 ಮಕ್ಕಳಿಗೆ ಕಾಗುಣಿತ ಕಲಿಸಿದೆ, ಆಟಕ್ಕೆ ಅಕ್ಷರದ ಕಾರ್ಡು ಮಾಡಿದೆ’ ಅಂದರೆ ಕಾಣುತ್ತದೆ. ಹತ್ತೂ ತುಂಬಬೇಕು ಅಂತೇನಿಲ್ಲ. ಮನೆಯ ಜವಾಬ್ದಾರಿಗೂ ಅಲ್ಲಿ ಜಾಗ ಇದೆ, ಇದು ನಮ್ಮ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದಾಗ ತಮ್ಮನಿಗೆ ಊಟ ಹಾಕಿ ಹೋಮ್‌ವರ್ಕ್ ಮಾಡಿಸುವ ಅಕ್ಕ ಅದನ್ನು ಧೈರ್ಯವಾಗಿ ಬರೆಯಬಹುದು. ರಂಗಪ್ರವೇಶದ ವಿಷಯ ಎಲ್ಲರೂ ಕೇಳುತ್ತಾರೆ. ಆರು ವರ್ಷದಿಂದ ಇಷ್ಟಪಟ್ಟು ಕುಣಿದ ಮಗುವಾದರೆ ಖಂಡಿತ ಮಾಡಿ. ಅರ್ಜಿಗೆ ಒಂದು ಸಾಲು ಸಿಗಲಿ ಅಂತ ಮಾತ್ರ ಆದರೆ, ಆ ದುಡ್ಡು ಕಾಲೇಜಿನ ಫೀಸಿಗೆ ಇರಲಿ.

ಅರ್ಜಿಯ ಜೊತೆ ಬರೆಯುವ ಪ್ರಬಂಧಕ್ಕೆ ಹೆಚ್ಚೆಂದರೆ 650 ಪದ. ನಮ್ಮ ಬೀದಿಯ ಹುಡುಗಿಯೊಬ್ಬಳು, ದಾವಣಗೆರೆ ಕಡೆಯವರು, ತನ್ನ ಮೊದಲ ಬರಹ ತಂದು ನಮ್ಮ ಅಡುಗೆಮನೆ ಮೇಜಿನ ಮೇಲೆ ಇಟ್ಟಳು. ಚಿಕ್ಕಂದಿನಿಂದ ವಿಜ್ಞಾನ ಅಂದರೆ ಪ್ರಾಣ, ಜನರ ಸೇವೆ ಮಾಡಬೇಕು, ಹೀಗೇ ಇತ್ತು. ತಪ್ಪೇನೂ ಇಲ್ಲ, ಆದರೆ ಅವಳು ಅದರಲ್ಲಿ ಎಲ್ಲೂ ಇರಲಿಲ್ಲ. ಅಜ್ಜಿ ಬಂದಿದ್ದಾರಲ್ಲ, ಹೇಗಿದ್ದಾರೆ ಅಂತ ಸುಮ್ನೆ ಕೇಳಿದೆ. ಆಗ ಹೇಳಿದಳು.

ಅಜ್ಜಿಯನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದಾಳೆ. ಅಜ್ಜಿ ‘ಮೈಗೆ ಉಷ್ಣ ಆಗಿದೆ’ ಅಂದರು. ಇವಳು ಜ್ವರ ಅಂತ ಹೇಳಿದಳು. ನರ್ಸ್ ಥರ್ಮಾಮೀಟರ್ ಇಟ್ಟರು, 98.4. ‘ಜ್ವರ ಅಲ್ಲವ್ವಾ, ಉಷ್ಣ’ ಅಂತ ಅಜ್ಜಿಗೆ ಸಿಟ್ಟು. ಕೊನೆಗೆ ಇವಳು ಪಕ್ಕದಲ್ಲಿ ಕೂತು, ಉಷ್ಣ ಅಂದರೆ ಏನೇನು ಆಗ್ತಿದೆ ಅಂತ ಒಂದೊಂದೇ ಕೇಳಿದಳು. ಬಾಯಲ್ಲಿ ಹುಣ್ಣು, ಕಣ್ಣುರಿ. ಆಮೇಲೆ ತಗ್ಗಿದ ದನಿಯಲ್ಲಿ, ಮೂತ್ರ ಮಾಡುವಾಗ ಉರಿ. ಅದನ್ನು ಹೇಳಿದ ಕೂಡಲೇ ಡಾಕ್ಟರ್ ಯೂರಿನ್ ಟೆಸ್ಟ್ ಬರೆದರು. ಸೋಂಕು ಇತ್ತು.

ಅದನ್ನೇ ಬರಿ ಅಂದೆ. ‘ಇದನ್ನಾ ಆಂಟಿ?’ ಅಂದಳು. ಬರೆದಳು. ಮೊದಲು ತಪ್ಪು ಹೇಳಿದ್ದನ್ನೂ ಮುಚ್ಚಿಡದೆ ಬರೆದಳು. ಓದಿದರೆ ಅವಳ ದನಿಯೇ ಕೇಳುತ್ತಿತ್ತು. ದಯವಿಟ್ಟು ನೀವು ಬರೆದುಕೊಡಬೇಡಿ, ದುಡ್ಡು ಕೊಟ್ಟು ಬರೆಸಲೂ ಬೇಡಿ. ನೀವು ಮಾಡಬಹುದಾದ ಸಹಾಯ, ಊಟದ ಹೊತ್ತಿನಲ್ಲಿ ಕೇಳುವುದು: ಆವತ್ತು ಏನಾಯ್ತು, ಆಮೇಲೆ ನೀನು ಏನು ಮಾಡಿದೆ?

ದುಡ್ಡಿನ ಮಾತು ಮುಂಚೆಯೇ ಆಡಿ. ದೊಡ್ಡ ಖಾಸಗಿ ಕಾಲೇಜುಗಳಲ್ಲಿ ಊಟ, ವಸತಿ ಸೇರಿ ವರ್ಷದ ಖರ್ಚು 80 ಸಾವಿರ ಡಾಲರ್ ದಾಟಿದೆ. ಎಚ್-4 ವೀಸಾದಲ್ಲಿರುವ, ಅಂದರೆ ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ಆಧಾರದ ಮೇಲೆ ಬಂದ ಮಗುವಿಗೆ ಅಮೆರಿಕದ ಕೇಂದ್ರ ಸರ್ಕಾರದ ನೆರವು ಸಿಗುವುದಿಲ್ಲ. ಎಷ್ಟೋ ಕಾಲೇಜುಗಳು ನೆರವಿನ ವಿಷಯದಲ್ಲಿ ಆ ಮಗುವನ್ನು ವಿದೇಶಿ ವಿದ್ಯಾರ್ಥಿ ಅಂತಲೇ ನೋಡುತ್ತವೆ. ನೆರವು ಕೇಳಿದರೆ ಸೀಟಿಗೇ ತೊಂದರೆ ಆಗಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮರ್ಸ್ಟ್‌ನಂಥ ಕೆಲವು ಕಡೆ ಹಾಗಲ್ಲ. ವಿದೇಶಿ ಮಕ್ಕಳಾದರೂ ಪ್ರವೇಶಕ್ಕೆ ಮನೆಯ ಆದಾಯ ನೋಡುವುದಿಲ್ಲ, ಸೀಟು ಕೊಟ್ಟರೆ ಬೇಕಾದಷ್ಟು ನೆರವನ್ನೂ ಕೊಡುತ್ತಾರೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಚ್-4 ಮಕ್ಕಳಿಗೂ ಆ ರಾಜ್ಯದವರ ಕಡಿಮೆ ಫೀಸು ಸಿಗುವುದುಂಟು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕಾಲೇಜಿನ ಕಚೇರಿಯಲ್ಲೇ ಕೇಳಿ. ಮಗುವಿಗೆ 21 ತುಂಬಿದರೆ ಎಚ್-4 ಇರುವುದಿಲ್ಲ, ಅಷ್ಟರೊಳಗೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು. ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿರುವ ನಮ್ಮವರು ಈ ಲೆಕ್ಕವನ್ನು ಮಗು 11ನೇ ಕ್ಲಾಸಿನಲ್ಲಿ ಇರುವಾಗಲೇ ಹಾಕಬೇಕು.

ಬೇಗ ಅರ್ಜಿ ಹಾಕುವ ಅರ್ಲಿ ಡಿಸಿಷನ್ ಅಂದರೆ ಮಾತು ಕೊಟ್ಟ ಹಾಗೆ. ಸೀಟು ಬಂದರೆ ಅಲ್ಲೇ ಸೇರಬೇಕು. ಆ ಒಪ್ಪಂದಕ್ಕೆ ಮಗುವಿನ ಜೊತೆ ನೀವೂ, ಕೌನ್ಸೆಲರೂ ಸಹಿ ಹಾಕುತ್ತೀರಿ. ಖರ್ಚು ನಿಭಾಯಿಸಬಹುದು ಅಂತ ಗಟ್ಟಿಯಾಗದೆ ಸಹಿ ಹಾಕಬೇಡಿ. ಅರ್ಲಿ ಆ್ಯಕ್ಷನ್‌ನಲ್ಲಿ ಈ ಕಟ್ಟುಪಾಡು ಇಲ್ಲ. ಎರಡಕ್ಕೂ ಸಾಮಾನ್ಯವಾಗಿ ನವೆಂಬರ್ 1ರ ಸುಮಾರಿಗೆ ಕೊನೆ. ಉಳಿದವು ಹೆಚ್ಚಾಗಿ ಜನವರಿ ಮೊದಲ ವಾರದೊಳಗೆ.

ಇದಕ್ಕೆಲ್ಲ ಮುಂಚೆ ಶಿಫಾರಸು ಪತ್ರದ ಕೆಲಸ ಇದೆ. ಹೆಚ್ಚಿನ ಖಾಸಗಿ ಕಾಲೇಜುಗಳು ಇಬ್ಬರು ಟೀಚರ್‌ಗಳ ಪತ್ರ ಕೇಳುತ್ತವೆ. ಅತಿ ಹೆಚ್ಚು ಅಂಕ ಕೊಟ್ಟವರೇ ಬೇಕಿಲ್ಲ, ಮಗು ಒದ್ದಾಡಿ ಕಲಿತದ್ದನ್ನು ಕಣ್ಣಾರೆ ಕಂಡವರು ಸಾಕು. ನಮ್ಮ ಮಕ್ಕಳಿಗೆ ಕೇಳಲು ಸಂಕೋಚ. ಅದಕ್ಕೇ ಮನೆಯಲ್ಲಿ ಒಂದೆರಡು ಸಲ ಹೇಳಿಸಿ ಅಭ್ಯಾಸ ಮಾಡಿಸಿ, ಜೂನ್‌ನಲ್ಲಿ ಶಾಲೆ ಮುಚ್ಚುವ ಮುಂಚೆ ಎದುರಿಗೆ ಹೋಗಿ ಕೇಳಲಿ.